ಮೇಸ್ತ್ರಿ ಹೇಳಿದ ನೀಲಿ

ನಮ್ಮ ಮೇಸ್ತ್ರಿಗೆ ಹುಬ್ಬು ಇರಲಿಲ್ಲ. ಕುಲುಮೆಯ ಝಳಕ್ಕೆ ಸುಟ್ಟುಹೋಗಿದ್ದು ಮತ್ತೆ ಬೆಳೆದೇ ಇರಲಿಲ್ಲ. ಬೆಳಗ್ಗೆ ಬಳಿದುಕೊಂಡು ಬಂದ ವಿಭೂತಿ ಹತ್ತು ಗಂಟೆಯೊಳಗೆ ಬೆವರಿನಲ್ಲಿ ಕರಗಿ ನೇರ ಕಣ್ಣಿಗೆ ಇಳಿಯುತ್ತಿತ್ತು. ತೋಳಿನಿಂದ ಒರೆಸಿಕೊಂಡು ಮತ್ತೆ ಬಗ್ಗುತ್ತಿದ್ದರು.

ಬನಶಂಕರಿ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಶೀಟು ಹೊದಿಸಿದ ಅವರ ಮಳಿಗೆ. ಅಲ್ಲಿ ನಾನು ಹದಿನೆಂಟು ವರ್ಷ ಇದ್ದಿಲು ಹಾಕಿದೆ, ಬೂದಿ ಎತ್ತಿದೆ, ಎಮರಿ ಕಾಗದದಲ್ಲಿ ಉಕ್ಕು ಉಜ್ಜಿದೆ. ಅವರು ಮಾಡುತ್ತಿದ್ದದ್ದು ಸ್ಪ್ರಿಂಗ್ ಪಟ್ಟಿ. ಗಾಡಿಯದಲ್ಲ. ಪಾದ ಜೋತುಬಿದ್ದವರು ಮೊಣಕಾಲ ಕೆಳಗೆ ಕಟ್ಟಿಕೊಳ್ಳುವುದು. ಹೆಜ್ಜೆ ಕಿತ್ತಾಗ ಪಾದವನ್ನು ಅದೇ ಮೇಲಕ್ಕೆತ್ತಬೇಕು.

ಪಟ್ಟಿಯನ್ನು ಕೆಂಪಗೆ ಕಾಯಿಸಿ, ಅಯಸ್ಕಾಂತ ಅಂಟದ ಹಾಗಾದ ಮೇಲೆ ಎಣ್ಣೆಗೆ ಅದ್ದುತ್ತಿದ್ದರು. ಆಗ ಅದು ಗಾಜಿದ್ದ ಹಾಗೆ, ಕೈಜಾರಿದರೆ ಎರಡು ತುಂಡು. ಅದನ್ನು ಹೊಳೆಯುವ ಹಾಗೆ ಉಜ್ಜಿ, ಬಿಸಿ ಮರಳಿನ ಮೇಲೆ ನಿಧಾನವಾಗಿ ಮತ್ತೆ ಕಾಯಿಸಬೇಕು. ಮೈಮೇಲೆ ಬಣ್ಣ ಓಡುತ್ತದೆ. ಮೊದಲು ಒಣಹುಲ್ಲಿನದು, ಆಮೇಲೆ ಕಂದು, ನೇರಳೆ, ನೀಲಿ. ನೀಲಿಗೆ ತೆಗೆದುಬಿಡಬೇಕು. ಮುಂಚೆ ತೆಗೆದರೆ ಮುರಿಯುತ್ತದೆ. ತಡವಾದರೆ ಮೆತ್ತಗಾಗಿ, ಬಗ್ಗಿಸಿದರೆ ಬಗ್ಗಿದ ಹಾಗೇ ಇರುತ್ತದೆ. ಬಂದವರಿಗೆಲ್ಲ ಅವರು ಇದನ್ನು ಹೇಳುವುದು ಕೇಳಿ ಕೇಳಿ ನನಗೆ ಬಾಯಿಪಾಠ. ಆ ಹೊತ್ತಿನಲ್ಲಿ ಯಾರು ಮಾತಾಡಿಸಿದರೂ, ಹೆಂಡತಿ ಫೋನ್ ಮಾಡಿದರೂ ಒಂದೇ ಉತ್ತರ: "ಬೈಯೋದಿದ್ರೆ ಬಣ್ಣ ಬಂದ್ಮೇಲೆ ಬೈಯಿ."

ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಹತ್ತಿತು. ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದರು ಡಾಕ್ಟರು. ಆಕಾರ ಕಾಣುತ್ತಿತ್ತು, ಬಣ್ಣ ಕಾಣುತ್ತಿರಲಿಲ್ಲ. ಬಡಿಯುವುದು, ಅದ್ದುವುದು ಕೈಗೆ ಗೊತ್ತಿತ್ತು. ಬಣ್ಣಕ್ಕೆ ಕೈಯಿಂದ ಏನೂ ಆಗದು.

ಅಷ್ಟರಲ್ಲಿ ಗಿರಿನಗರದ ಟೀಚರಮ್ಮ ಬಂದರು. ಚಿಕ್ಕಂದಿನಲ್ಲಿ ಪೋಲಿಯೋ ಆದ ಕಾಲು. ಹಳೆಯ ಪಟ್ಟಿ ಬಿರುಕು ಬಿಟ್ಟಿತ್ತು, ಹೊಸದು ಬೇಕಿತ್ತು.

"ನೀನೇ ನೋಡಮ್ಮ," ಎಂದರು ಮೇಸ್ತ್ರಿ ನನಗೆ. "ನೀಲಿ ಬಂದ ತಕ್ಷಣ ಕೂಗು."

"ಅಯ್ಯೋ, ನೀಲಿ ಗೊತ್ತಿಲ್ವಾ ನಂಗೆ?"

ನೋಡಿದೆ, ಕೂಗಿದೆ. ಅವರು ತೆಗೆದು ಎಣ್ಣೆಗೆ ಹಾಕಿದರು. ಟೀಚರಮ್ಮ ಕಟ್ಟಿಕೊಂಡು ಹೋದರು.

ಎಂಟು ದಿನಕ್ಕೆ ವಾಪಸ್ ಬಂದರು, ಗಲ್ಲಕ್ಕೆ ಪ್ಲಾಸ್ಟರು ಅಂಟಿಸಿಕೊಂಡು. "ಕ್ಲಾಸಲ್ಲಿ ಮಕ್ಕಳ ಮುಂದೆ ಮುಗ್ಗರಿಸಿ ಬಿದ್ದೆ ಮೇಸ್ತ್ರಿ. ನಿಮ್ಮ ಪಟ್ಟಿ ನನ್ನ ಕಾಲಿಗಿಂತ ಸೋಮಾರಿ."

ಮೇಸ್ತ್ರಿ ಅದನ್ನು ಮಂಡಿಯ ಮೇಲಿಟ್ಟು ಅದುಮಿ ಬಿಟ್ಟರು. ಅದು ವಾಪಸ್ ಬರಲಿಲ್ಲ.

"ಯಾವ ನೀಲಿಗೆ ಕೂಗ್ದೆ?" ಎಂದು ನನ್ನನ್ನು ಕೇಳಿದರು.

"ಬಟ್ಟೆಗ್ ಹಾಕೋ ನೀಲಿ. ಅದೇ ತಾನೇ ನೀಲಿ?"

ಬಕೀಟಿನ ನೀರಿಗೆ ನಾಲ್ಕು ಹನಿ ಬಿಟ್ಟರೆ ಬರುತ್ತದಲ್ಲ, ಆ ತೆಳು ಬಣ್ಣಕ್ಕೆ ನಾನು ಕಾದಿದ್ದೆ. ಅವರದು ಅದಕ್ಕಿಂತ ಮುಂಚೆ ಬರುವ ಕಡು ಬಣ್ಣ, ನವಿಲಿನ ಕತ್ತಿನದು. ನಮ್ಮ ಮನೆಯಲ್ಲಿ ಅದನ್ನು ಕಪ್ಪು ಅನ್ನುತ್ತಿದ್ದೆವು. ಅವರ ನೀಲಿಯಿಂದ ನನ್ನ ನೀಲಿಗೆ ಹೋಗುವಷ್ಟರಲ್ಲಿ ಉಕ್ಕು ಸೋತುಹೋಗಿತ್ತು.

"ಕೂತ್ಕೊಳಿ ಮೇಡಂ, ಈಗ್ಲೇ ಇನ್ನೊಂದು ಮಾಡ್ಕೊಡ್ತೀನಿ," ಎಂದರು. ಈ ಸಲ ನನಗೆ ಭಯ. ಟೀಚರಮ್ಮ ಸ್ಟೂಲಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಕಪ್ಪಗೆ ಏನೋ ತಿರುಗಿದ ಹಾಗೆ ಕಂಡಿತು, ಕೂಗಿಬಿಟ್ಟೆ. ಅದಿನ್ನೂ ನೇರಳೆ. ಮೇಸ್ತ್ರಿ ಅದನ್ನು ಬೆಂಚಿನ ವೈಸಿನ ದವಡೆಗೆ ಕಚ್ಚಿಸಿ ಬಗ್ಗಿಸಿದರು. ಪಟಕ್ಕೆಂದು ಮುರಿದು ಒಂದು ತುಂಡು ಶೀಟಿಗೆ ಬಡಿಯಿತು.

"ಬಿಡಿ ಮೇಸ್ತ್ರಿ," ಎಂದರು ಟೀಚರಮ್ಮ. "ಆಸ್ಪತ್ರೇಲಿ ಪ್ಲಾಸ್ಟಿಕ್‌ದು ಕೊಡ್ತಾರಂತೆ."

"ಅದೇ ಹಾಕ್ಕೊಳಿ ಮೇಡಂ."

ಮಾರನೆಯ ದಿನ ನಾನು ಹೋದಾಗ ಕುಲುಮೆ ಹಚ್ಚಿರಲಿಲ್ಲ. "ಇನ್ನೊಂದ್ಸಲ ನೋಡಣ, ಈಗ ಗೊತ್ತಾಯ್ತಲ್ಲ," ಎಂದೆ.

"ಗೊತ್ತಾಗಕ್ಕೆ ಇನ್ನೆಷ್ಟು ಜನ ಬೀಳ್ಬೇಕು?" ಎಂದರು. ಇಕ್ಕಳವನ್ನು ಗೋಡೆಗೆ ತೂಗುಹಾಕಿ, "ನಿಂದಲ್ಲ ಕಣಮ್ಮ ತಪ್ಪು. ನಾನು ಹೆಸ್ರು ಹೇಳ್ದೆ, ತೋರಿಸ್ಲಿಲ್ಲ."

ಮಳಿಗೆ ಮುಚ್ಚಿತು. ಮನೆಯಲ್ಲಿ ಕೂತು ಅವರು ಬೇಗ ಇಳಿದುಹೋದರು. ಸಕ್ಕರೆ ಕಾಲಿಗೂ ಇಳಿಯಿತು; ಆಸ್ಪತ್ರೆಯಲ್ಲಿ ಮೊದಲು ಬೆರಳು ತೆಗೆದರು, ಆಮೇಲೆ ಪಾದ. ಕಾರ್ತೀಕದಲ್ಲಿ ಸತ್ತರು. ಕೂರಿಸಿ ಮಣ್ಣು ಮಾಡಿದರು. ನಾನೂ ಒಂದು ಹಿಡಿ ಹಾಕಿ ಬಂದೆ.

ತೋರಿಸಲಿಲ್ಲ ಎಂದಿದ್ದು ನನಗೆ ಬೇಜಾರಾಗದಿರಲಿ ಎಂದು. ಹದಿನೆಂಟು ವರ್ಷ ದಿನಾ ನನ್ನ ಕಣ್ಣೆದುರೇ ಆ ಬಣ್ಣಕ್ಕೆ ಪಟ್ಟಿ ತೆಗೆದಿದ್ದಾರೆ. ತಲೆ ಎತ್ತಿದ್ದರೆ ಕಾಣುತ್ತಿತ್ತು. ನಾನು ಬೂದಿ ಗೋರುತ್ತಿದ್ದೆ.