ಕೂಸಿಗೆ ತಂದ ಸೂಜಿ

ನೀನು ಹುಟ್ಟಿದ ದಿನ ನಿನಗೆ ಹಾಕಿಸಬೇಕಾಗಿದ್ದ ವ್ಯಾಕ್ಸಿನನ್ನು ನಾನು ನಿನ್ನ ತಾಯಿಗೆ ಹಾಕಿಸಿದೆ, ಮೇಘಾ. ನಿನ್ನ ಲಿವರಿನಲ್ಲಿ ಕೂತಿರುವ ವೈರಸ್ ಅವಳ ಅಲಕ್ಷ್ಯದಿಂದ ಬಂದದ್ದಲ್ಲ. ನನ್ನ ಕೈಯಿಂದ ಬಂತು.

ಆಗ ನಾವು ಶಹಾಪುರದ ಹತ್ತಿರ ಕೆನಾಲ್ ಕಾಲನಿಯಲ್ಲಿದ್ದೆವು. ನಿನ್ನ ಅಜ್ಜ ಕಾಲುವೆಯ ಇಂಜಿನಿಯರ್, ನಾನು ಕಾಲನಿ ಶಾಲೆಯ ಇಂಗ್ಲಿಷ್ ಟೀಚರ್. ಚೊಚ್ಚಲ ಹೆರಿಗೆಗೆಂದು ನಿನ್ನ ತಾಯಿ ಸುನೀತಾ ಸುರಪುರದ ಗಂಡನ ಮನೆಯಿಂದ ನನ್ನಲ್ಲಿಗೆ ಬಂದಳು. ಕಣ್ಣುಗಳು ಅರಿಶಿನದಂತೆ ಹಳದಿಯಾಗಿದ್ದವು. ಗುಲ್ಬರ್ಗಾದ ಡಾಕ್ಟರು ರಕ್ತ ನೋಡಿ, ಹೆಪಟೈಟಿಸ್ ಬಿ ಎಂದರು. ಬಹಳ ವರ್ಷದ್ದು, ಲಿವರ್ ಆಗಲೇ ಗಟ್ಟಿಯಾಗಿದೆ ಎಂದರು. ಅವಳಿಗೆ ಕೊಡುವಂಥದ್ದು ನಮ್ಮ ಕೈಯಲ್ಲಿ ಏನೂ ಇಲ್ಲ — ಕೂಸನ್ನು ಮಾತ್ರ ಉಳಿಸಿಕೊಳ್ಳಬಹುದು, ಹುಟ್ಟಿದ ದಿನವೇ ಸೂಜಿ ಬೀಳಬೇಕು ಎಂದರು.

ಬೀಗರಿಗೆ ಹೇಳಲಿಲ್ಲ. ಆ ಕಾಲದಲ್ಲಿ ರಕ್ತ ಪಾಸಿಟಿವ್ ಎಂದರೆ ಜನ ಏಡ್ಸ್ ಎಂದೇ ಅರ್ಥ ಮಾಡುತ್ತಿದ್ದರು. ಬಾಣಂತನ ತವರಿನದು, ನಮ್ಮ ಮನೆಯ ಮಾತು ನಮ್ಮ ಮನೆಯಲ್ಲೇ ಇರಲಿ ಎಂದುಕೊಂಡೆ. ಹಾಗಾಗಿ ನಾನು ಏನು ಮಾಡಿದರೂ ಕೇಳುವವರು ಇರಲಿಲ್ಲ.

ಹೈದರಾಬಾದಿನಿಂದ ನನ್ನ ತಮ್ಮ ಥರ್ಮಾಸಿನಲ್ಲಿ ಐಸ್ ತುಂಬಿ ಕೂಸಿನ ವ್ಯಾಕ್ಸಿನ್ ಒಂದು ಸೀಸೆ ತಂದ. ಬಸ್ಸಿನಲ್ಲಿ ಓದಲು ಕೊಂಡ ಇಂಗ್ಲಿಷ್ ಮ್ಯಾಗಜಿನ್ನನ್ನೂ ಬಿಟ್ಟುಹೋದ. ಅದರಲ್ಲಿ — ಹೇಗೆ ಹೇಳಲಿ — ಇದೇ ವ್ಯಾಕ್ಸಿನನ್ನು ಈಗಾಗಲೇ ರೋಗವಿದ್ದವರಿಗೆ ಟ್ರೀಟ್‌ಮೆಂಟ್ ಆಗಿ ಕೊಟ್ಟು ನೋಡುತ್ತಿದ್ದಾರೆ ಎಂದು ಬರೆದಿತ್ತು. ನೋಡುತ್ತಿದ್ದಾರೆ, ಅಷ್ಟೇ. ಗುಣವಾಯಿತು ಎಂದು ಎಲ್ಲೂ ಇರಲಿಲ್ಲ. ಕಾನ್ವೆಂಟಿನಲ್ಲಿ ಕಾಂಪ್ರಿಹೆನ್ಷನ್ನಿಗೆ, ಓದಿದ್ದನ್ನು ಸರಿಯಾಗಿ ಅರ್ಥ ಮಾಡಿಕೊಂಡದ್ದಕ್ಕೆ, ಪ್ರೈಜ್ ಗೆದ್ದವಳು ನಾನು. ನನಗೆ ಬೇಕಾದದ್ದನ್ನೇ ಓದಿಕೊಂಡೆ. ಗುಲ್ಬರ್ಗಾಕ್ಕೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಇಲ್ಲ ಎಂದುಬಿಟ್ಟರೆ — ಎಂಬ ಭಯ.

ನೀನು ಶಹಾಪುರದ ಆಸ್ಪತ್ರೆಯಲ್ಲಿ ಬೆಳಗ್ಗೆ ಹುಟ್ಟಿದೆ. ಕೆಂಪಗೆ, ಗಟ್ಟಿಯಾಗಿ ಅಳುತ್ತ. ಪಕ್ಕದಲ್ಲಿ ಅವಳು, ಕಾಲು ಬಾತು, ತುಟಿ ಒಣಗಿ. ನಿಮ್ಮಿಬ್ಬರನ್ನೂ ನೋಡಿದೆ. ಇದಕ್ಕೇನಾಗಿದೆ, ಸಾಯುತ್ತಿರುವುದು ನನ್ನ ಮಗಳು — ಹೌದು, ಹಾಗೆಯೇ ಅಂದುಕೊಂಡೆ. ನಿನಗೆ ಇನ್ನೊಂದು ತರಿಸಿದರಾಯಿತು ಎಂದುಕೊಂಡೆ.

ನರ್ಸ್ ಶಾಂತಾಬಾಯಿ ಸೀಸೆ ಕೈಗೆ ತೆಗೆದುಕೊಂಡಳು. "ಇದು ಕೂಸಿಂದು ಅಂತ ತಿಳ್ಕೊಂಡಿದ್ನಲ್ರಿ, ಟೀಚರಮ್ಮ?"

"ತಾಯಿಗೇ ಹಾಕು. ನ್ಯೂ ಟ್ರೀಟ್‌ಮೆಂಟ್ ಬಂದದ."

"ಇರ್ಲಿ ಬಿಡ್ರಿ, ಓದಿದವ್ರು ನೀವು. ನನ್ನ ಮಗಗ ಇಂಗ್ಲಿಷ್ ಟೆನ್ಸ್ ಕಲಿಸಿ ನಿಮ್ಮ ತಲಿ ಕೆಟ್ಟದ, ಈಗ ನನಗೂ ಪಾಠ ಹೇಳಬ್ಯಾಡ್ರಿ," ಎಂದು ನಕ್ಕು ಸಿರಿಂಜಿಗೆ ಎಳೆದಳು.

ಸುನೀತಾ ಕಣ್ಣು ತೆರೆದಳು. "ನನಗ್ಯಾಕ ಮಮ್ಮಿ?"

"ಶಕ್ತಿಗೆ."

"ಕೂಸಿಗಿ ಹಾಕ್ಸಿದೇನು?"

"ಹಾಕ್ಸೇನಿ. ನೀ ಮಲ್ಕೋ."

ಅವಳು ನಂಬಿದಳು. ನಿನ್ನನ್ನು ಎದೆಗೆ ಎಳೆದುಕೊಂಡು, "ನೀ ಪಾರಾದಿ ನೋಡು," ಎಂದು ನಿನ್ನ ಕಿವಿಯಲ್ಲಿ ಹೇಳಿದಳು. ನಾನು ಅಲ್ಲೇ ನಿಂತಿದ್ದೆ.

ತಮ್ಮ ಎರಡನೆಯ ಸೀಸೆ ಕಳಿಸಿದಾಗ ಅದು ನಿನ್ನದಾಗಬೇಕಿತ್ತು. ಆದರೆ ಅವಳ ಹಸಿವು ಸ್ವಲ್ಪ ತಿರುಗಿತ್ತು, ಒಂದು ರೊಟ್ಟಿ ತಿಂದಿದ್ದಳು. ಕೋರ್ಸ್ ಅರ್ಧಕ್ಕೆ ಬಿಟ್ಟರೆ ಹೇಗೆ? ಅದೂ ಅವಳಿಗೇ. ಮೊದಲನೆಯದನ್ನು ಆಸೆಯಿಂದ ಕದ್ದೆ ಎನ್ನಬಹುದು. ಎರಡನೆಯದನ್ನು — ಎರಡನೆಯದಕ್ಕೆ ನನ್ನಲ್ಲಿ ಹೆಸರಿಲ್ಲ. ನಿನಗೆ ಕೊನೆಗೆ ಹಾಕಿಸುವ ಹೊತ್ತಿಗೆ ಬಹಳ ತಡವಾಗಿತ್ತು. ಅವಳಿಗೆ ಅದರಿಂದ ಏನೂ ಆಗಲಿಲ್ಲ. ನೀನು ನಡೆಯಲು ಕಲಿಯುವ ಮೊದಲೇ ಹೋದಳು.

ಕಳೆದ ವಾರ, ಬಸುರಿನಲ್ಲಿ ಮಾಡಿಸಿದ ನಿನ್ನ ರಕ್ತದ ರಿಪೋರ್ಟಿನಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್ ಬಂದ ಮೇಲೆ, ಯಾದಗಿರಿಯ ನಿನ್ನ ಮನೆಯಲ್ಲಿ ನಿನ್ನಪ್ಪ ಅವಳ ಟ್ರಂಕಿನಲ್ಲಿ ಸಿಕ್ಕ ಗುಲ್ಬರ್ಗಾ ಡಾಕ್ಟರ ಹಳೆಯ ಚೀಟಿ ಹಿಡಿದು ಎಲ್ಲರೆದುರು ಹೇಳಿದನಲ್ಲ — "ನಿಮ್ಮವ್ವಗ ಎಲ್ಲಾ ಗೊತ್ತಿತ್ತು. ಒಂದು ಸೂಜಿ ಹಾಕ್ಸಾಕ ಆಗಲಿಲ್ಲ ಆಕಿಗಿ." ನೀನು ಗೋಡೆಯ ಮೇಲಿದ್ದ ಅವಳ ಫೋಟೋ ತೆಗೆದು ಕಪಾಟಿನಲ್ಲಿಟ್ಟೆ. ನಾನು ಚಹಾ ಸೋಸುತ್ತಿದ್ದೆ. ಸೋಸುತ್ತಲೇ ಇದ್ದೆ. ಎಲ್ಲರಿಗೂ ಕಪ್ಪು ಕೊಟ್ಟು, ನಿನ್ನಪ್ಪನಿಗೆ ಸಕ್ಕರೆ ಸಾಕೇ ಎಂದೂ ಕೇಳಿದೆ.

ಮಗಳನ್ನು ಉಳಿಸಲು ಹೋದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಅವಳು ಸತ್ತ ಮೇಲೂ ಬಾಯಿ ಮುಚ್ಚಿಕೊಂಡದ್ದು ಯಾರನ್ನು ಉಳಿಸಲು? ನಾನು ಬಾಯಿ ಬಿಟ್ಟಿದ್ದರೆ ನೀನು ಎಂದೋ ರಕ್ತ ತೋರಿಸಿಕೊಳ್ಳುತ್ತಿದ್ದೆ, ಈ ರೋಗಕ್ಕೆ ಔಷಧಿ ಬಂದ ಕೂಡಲೇ ಶುರುಮಾಡುತ್ತಿದ್ದೆ. ಆ ವರ್ಷಗಳನ್ನೂ ನಾನೇ ತಿಂದೆ.

ಈ ಭಾನುವಾರ ನಿನ್ನ ಮನೆಗೆ ನಿನ್ನಪ್ಪನನ್ನೂ ಬರಹೇಳಿದ್ದೇನೆ. ಇಷ್ಟನ್ನೂ ಅವನೆದುರು, ನಿನ್ನ ಅತ್ತೆಮಾವಂದಿರೆದುರು, ಕೂತು ಹೇಳುತ್ತೇನೆ. ಹೆರಿಗೆಯ ಹೊತ್ತಿಗೆ ನಿನ್ನ ಗಂಡ ಡಾಕ್ಟರ ಪಕ್ಕದಲ್ಲೇ ನಿಂತು, ಕೂಸಿಗೆ ಸೂಜಿ ಬಿದ್ದದ್ದನ್ನು ತನ್ನ ಕಣ್ಣಿಂದಲೇ ನೋಡಲಿ. ಯಾರ ಮಾತನ್ನೂ ನಂಬಬೇಡಿ. ನಾನು ಆ ಕೋಣೆಗೆ ಬರುವುದಿಲ್ಲ, ಕರೆದರೂ ಬರುವುದಿಲ್ಲ.