ಛತ್ರಿ ಪ್ಲೇಟಿನ ಏಳು ಭಾನುವಾರ

ಆ ಕಾಲದಲ್ಲಿ ಮಂಡ್ಯದ ನಮ್ಮ ಬೀದಿಯ ಮಕ್ಕಳೆಲ್ಲ ಬೇಸಿಗೆ ರಜಕ್ಕೆ ಅಜ್ಜಿ ಮನೆಗೆ ಹೋದರೆ ನಾನು ಬ್ಲಫ್ ಎಂಬ ಊರಿಗೆ ಹೋಗುತ್ತಿದ್ದೆ. ನನ್ನ ದೊಡ್ಡಪ್ಪ ಅಲ್ಲಿನ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದರು. ಹೆಂಚಿನ ಕ್ವಾರ್ಟರ್ಸು, ಹಿತ್ತಲಲ್ಲಿ ಹಲಸಿನ ಮರ, ಕೆಳಗಿನಿಂದ ಹಗಲೆಲ್ಲ ಕೇಳುವ ಯಂತ್ರಗಳ ಗುಂಯ್‌ಗುಟ್ಟುವಿಕೆ. ಬೇಸಿಗೆ ಎಂದರೆ ನಿಮಗೆ ಕುಂಟೆಬಿಲ್ಲೆ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ನೆನಪಾಗಬಹುದು. ನನಗೂ ಆಗುತ್ತವೆ. ಆದರೆ ಅವಕ್ಕಿಂತ ಮೊದಲು ಸಿಟ್ಟು ಬರುತ್ತದೆ. ಹದಿನಾಲ್ಕು ವರ್ಷವಾಯಿತು, ಇನ್ನೂ ಇಳಿದಿಲ್ಲ.

ಆರನೇ ಕ್ಲಾಸಿನ ಪರೀಕ್ಷೆ ಮುಗಿಸಿ ಹೋದ ರಜ ಅದು. ನಾನು ಆಗಲೂ ಎಲ್ಲವನ್ನೂ ಎಣಿಸಿ ಬರೆಯುವ ಹುಡುಗಿ. ಮರದಲ್ಲಿ ಎಷ್ಟು ಹಲಸಿನಕಾಯಿ, ಹಲಗೂರಿನ ಬಸ್ಸು ಎಷ್ಟು ನಿಮಿಷ ತಡ, ಎಲ್ಲಕ್ಕೂ ಲೆಕ್ಕವಿತ್ತು. ಅದನ್ನು ನೋಡಿ ಮೆಚ್ಚಿದ ಒಬ್ಬರೇ ಒಬ್ಬರು ಮರಿಸ್ವಾಮಿ ಮೇಷ್ಟ್ರು. ಹಲಗೂರಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು, ದೊಡ್ಡಪ್ಪನಿಗೂ ಒಂದು ಕಾಲದಲ್ಲಿ ಪಾಠ ಹೇಳಿದವರು. ಪ್ರತಿ ಭಾನುವಾರ ಬೆಳಗ್ಗೆ ಚೀಲದಲ್ಲಿ ಪ್ಲೇಟುಗಳನ್ನು ಹೊತ್ತು ಬಸ್ಸಿಳಿಯುತ್ತಿದ್ದರು. ಪ್ಲೇಟು ಎಂದರೆ ಗ್ರಾಮಫೋನ್ ಪ್ಲೇಟು. ಇಬ್ಬರಿಗೂ ಜಾಸ್ ಸಂಗೀತದ ಹುಚ್ಚು. ದೊಡ್ಡಪ್ಪನಿಗೆ ಅದನ್ನು ಹತ್ತಿಸಿದ್ದು ವರ್ಗವಾಗಿ ಹೋಗುವಾಗ ಒಂದು ಪೆಟ್ಟಿಗೆ ಪ್ಲೇಟು ಬಿಟ್ಟುಹೋದ ಒಬ್ಬ ಎಂಜಿನಿಯರು. ಮೇಷ್ಟ್ರು ಮೈಸೂರಿನ ಹಳೆ ಸಾಮಾನಿನ ಅಂಗಡಿಗಳಲ್ಲಿ ಒಂದೊಂದಾಗಿ ಹೆಕ್ಕಿದ್ದರು.

"ಈ ಪೀಪಿ ಕೇಳಕ್ಕೆ ಅಲಗೂರಿಂದ ಬಸ್ ಅತ್ಕಂಡ್ ಬತ್ತಾರಲ್ಲ, ಮನೇಲಿ ಬೈಯೋರಿಲ್ವಾ?" ಎಂದು ದೊಡ್ಡಮ್ಮ ಒಳಗಿನಿಂದಲೇ ಅನ್ನುತ್ತಿದ್ದರು.

"ಬಯ್ತಾರೆ ಕಣಮ್ಮ, ಅದ್ಕೇ ಬರಾದು" ಎಂದು ಮೇಷ್ಟ್ರು ನಗುತ್ತಿದ್ದರು.

ದೊಡ್ಡಪ್ಪ ಮತ್ತು ಮೇಷ್ಟ್ರ ಜಗಳಗಳು ಕೇಳುವ ಹಾಗಿರುತ್ತಿದ್ದವು. ಸ್ಟುಡಿಯೋದಲ್ಲಿ ನುಡಿಸಿದ್ದು ಮೇಲೋ, ಸ್ಟೇಜಿನ ಮೇಲೆ ಜನರೆದುರು ನುಡಿಸಿದ್ದು ಮೇಲೋ? ದೊಡ್ಡಪ್ಪನಿಗೆ ನಡುವೆ ಜನ ಕೆಮ್ಮುವುದು ಕೇಳಿದರೆ ಆಗುತ್ತಿರಲಿಲ್ಲ. ಮೇಷ್ಟ್ರಿಗೆ ಆ ಕೆಮ್ಮೇ ಇಷ್ಟ. "ಅಲ್ಲ ಕಣಯ್ಯಾ, ಎದುರಿಗೆ ಕೆಮ್ಮೋನಿದ್ರೆ ತಾನೆ ನುಡ್ಸೋನ್ಗೆ ರೋಸ ಬರಾದು!" ನಾನು ಕೈ ತೊಳೆದು ಪಕ್ಕದಲ್ಲಿ ಕೂರಬೇಕಿತ್ತು. ಹಲಸಿನ ತೊಳೆ ಬಿಡಿಸಿದ ಕೈಯಾದರೆ ಮೊದಲು ಎಣ್ಣೆ, ಆಮೇಲೆ ಸೋಪು. ಅಂಟು ಕೈ ಪ್ಲೇಟಿಗೆ ತಾಗಿದರೆ ಮನೆಯಲ್ಲಿ ಭೂಕಂಪ. ರಟ್ಟಿನ ಹೊದಿಕೆಯಿಂದ ಪ್ಲೇಟು ಎಳೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

ಎಲ್ಲ ಜಗಳಕ್ಕೂ ದೊಡ್ಡದು ಛತ್ರಿ ಪ್ಲೇಟಿನದು. ಹೊದಿಕೆಯ ಮೇಲೆ ಛತ್ರಿ ಹಿಡಿದ ಹೆಂಗಸಿನ ಚಿತ್ರವಿದ್ದುದರಿಂದ ಆ ಹೆಸರು. ಅದು ಇಬ್ಬರ ಹತ್ತಿರವೂ ಒಂದೊಂದಿತ್ತು. ದೊಡ್ಡಪ್ಪನದು ಪರದೇಶದಲ್ಲಿ ತಯಾರಾದದ್ದು, ಮೇಷ್ಟ್ರದು ಇಲ್ಲೇ ನಮ್ಮ ದೇಶದಲ್ಲಿ ಒತ್ತಿದ್ದು. ಅದೇ ವಾದಕರು, ಅದೇ ಹಾಡುಗಳು. ಯಾವುದರ ಸದ್ದು ಚೆನ್ನ?

"ಫಾರಿನ್ ಮಾಲು ಮೇಷ್ಟ್ರೇ, ಒಪ್ಕಬುಡಿ."

"ಮೂರನೇ ಹಾಡಲ್ಲಿ ಡ್ರಮ್ಮಿನ ಮೇಲೆ ಬ್ರಷ್ಷು ಆಡಿಸ್ತಾನೆ ನೋಡು, ಮೊರದಲ್ಲಿ ರಾಗಿ ಕೇರ್ದಂಗೆ. ನಿನ್ ಪ್ಲೇಟಲ್ಲಿ ಅದು ಎಲ್ಲದೆ? ಬರೀ ಸೊರ್ ಅಂತದೆ."

ಕೊನೆಗೆ ಮೇಷ್ಟ್ರೇ ಒಂದು ಪರೀಕ್ಷೆ ಹೂಡಿದರು. ಹಲಗೂರಿನಲ್ಲಿ ಕರೆಂಟು ನಂಬುವಂತಿರಲಿಲ್ಲವಾದ್ದರಿಂದ ಅದು ಬ್ಲಫ್‌ನಲ್ಲೇ ನಡೆಯಬೇಕು. ನಡುಮನೆಯಲ್ಲಿ ದೊಡ್ಡಮ್ಮನ ದುಪ್ಪಟಿ ಕಟ್ಟಿ ಮರೆ ಮಾಡುವುದು. ಮರೆಯ ಹಿಂದೆ ಗ್ರಾಮಫೋನ್ ಯಂತ್ರ ಮತ್ತು ನಾನು, ಈಚೆ ಅವರಿಬ್ಬರು. ಎರಡೂ ಪ್ಲೇಟಿನಲ್ಲಿ ಗೀರಿಲ್ಲದ ಆ ಮೂರನೇ ಹಾಡನ್ನು ಒಂದಾದ ಮೇಲೊಂದು ಹಾಕಬೇಕು. ಯಾವುದು ಮೊದಲು ಎಂಬುದು ನಾನು ಹಾರಿಸಿದ ನಾಣ್ಯದ ಮೇಲೆ, ನನಗೆ ಮಾತ್ರ ಗೊತ್ತು. ಯಾವುದು ಚೆನ್ನಾಗಿತ್ತೆಂದು ಇಬ್ಬರೂ ಚೀಟಿಯಲ್ಲಿ 'ಒಂದು' ಅಥವಾ 'ಎರಡು' ಎಂದು ಬರೆದು ಮರೆಯ ಕೆಳಗೆ ತಳ್ಳಬೇಕು. ಏಳು ಭಾನುವಾರ. ಎಂಟನೆಯದಕ್ಕೆ ಲೆಕ್ಕ ಬಿಚ್ಚುವುದು. ಗೆದ್ದವರಿಗೆ ಎರಡೂ ಪ್ಲೇಟು.

ಇದಕ್ಕಾಗಿಯೇ ಮೇಷ್ಟ್ರು ನನಗೊಂದು ಗೆರೆ ಹಾಕಿದ ನೋಟ್ ಬುಕ್ಕು ತಂದುಕೊಟ್ಟರು. "ನಮ್ ಕಿವಿ ಪಕ್ಸಪಾತ ಮಾಡ್ತವೆ ಚಂದ್ರಿ, ನೀನು ಮಾಡ್ಬ್ಯಾಡ" ಎಂದರು. ಹನ್ನೊಂದು ವರ್ಷದ ನನಗೆ ಅಷ್ಟು ದೊಡ್ಡ ಮಾತನ್ನು ಅದುವರೆಗೆ ಯಾರೂ ಹೇಳಿರಲಿಲ್ಲ. ಪುಟದ ಮೇಲೆ 'ದೊಡ್ಡಪ್ಪನ ಪ್ಲೇಟು', 'ಮೇಷ್ಟ್ರ ಪ್ಲೇಟು' ಎಂದು ಎರಡು ಹೆಸರು ಬರೆದು, ಕೆಳಗೆ ತಾರೀಖು ಹಾಕಿ, ವಾರವಾರವೂ ತುಂಬಿಸಿದೆ.

ಏಳು ವಾರಕ್ಕೆ ಹದಿನಾಲ್ಕು ಚೀಟಿ. ಮೇಷ್ಟ್ರು ಏಳಕ್ಕೆ ಏಳೂ ಸಲ ತಮ್ಮ ಪ್ಲೇಟನ್ನೇ ಆರಿಸಿದ್ದರು, ಒಮ್ಮೆಯೂ ತಪ್ಪಿರಲಿಲ್ಲ. ದೊಡ್ಡಪ್ಪನೂ ಏಳರಲ್ಲಿ ಐದು ಸಲ ಮೇಷ್ಟ್ರ ಪ್ಲೇಟನ್ನೇ ಆರಿಸಿದ್ದರು. ಹನ್ನೆರಡು, ಎರಡು.

ಏಳನೆಯ ವಾರ ಕಳೆದು ಶನಿವಾರ ಬೆಳಗ್ಗೆ ದೊಡ್ಡಪ್ಪ ಜಗಲಿಯಲ್ಲಿ ಕೂತು ಕರೆದರು. "ಆ ಬುಕ್ ತಗಂಬಾ ಮಗಾ, ಒಸಿ ನೋಡವಾ."

ಹಾಗೆ ತೋರಿಸಬಾರದಿತ್ತು. ತೋರಿಸಿದೆ. ಅವರು ಬೆರಳಿಟ್ಟು ಎಣಿಸಿದರು. ಎರಡನೇ ಸಲ ಎಣಿಸಿದರು. ಆಮೇಲೆ ತಣ್ಣಗೆ ಅಂದರು, "ಮ್ಯಾಲೆ ಬರ್ದಿದ್ದೀಯಲ್ಲ ಎರಡ್ ಎಸ್ರು, ಅದ್ನ ಅತ್ಲಾಗಿಂದ ಇತ್ಲಾಗ್ ಮಾಡ್ಬುಡು. ನೀನು ಮೊದ್ಲೇ ತಪ್ ಬರ್ದಿದ್ದೀಯ."

"ಇಲ್ಲ ದೊಡ್ಡಪ್ಪ, ನಾನು ಪ್ರತಿ ಸಲ..."

"ಚಂದ್ರಿ. ಯಾರ್ ಮನೇಲಿ ಉಣ್ತಿದ್ದೀಯ ನೀನು?"

ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮನ ಮುಖ ನೋಡಿದೆ. "ಬರ್ಕೊಡವ್ವ, ಓಗ್ಲಿ. ಒಂದ್ ಪೀಪಿ ಇಸ್ಯಕ್ಕೆ ಯಾಕ್ ರಗಳೆ" ಎಂದು ಒಳಗೆ ಹೋದರು. ಹೊಸ ಪುಟದಲ್ಲಿ ಎಲ್ಲವನ್ನೂ ಮತ್ತೆ ಬರೆದೆ, ಎರಡು ಹೆಸರು ಮಾತ್ರ ಅದಲುಬದಲು. ಹಳೆಯ ಪುಟ ಹರಿದು ದೊಡ್ಡಪ್ಪ ನೀರೊಲೆಗೆ ಹಾಕಿದರು. ತಾರೀಖುಗಳು ನಿಜ, ಗೆರೆಗಳು ನೇರ, ಅಕ್ಷರ ದುಂಡಗೆ. ಅಷ್ಟು ಚೆಂದದ ಸುಳ್ಳನ್ನು ನಾನು ಮತ್ತೆ ಬರೆದಿಲ್ಲ.

ಭಾನುವಾರ ಮೇಷ್ಟ್ರು ಕನ್ನಡಕ ಹಾಕಿಕೊಂಡು ಪುಟ ಓದಿದರು. ಬಹಳ ಹೊತ್ತು ಓದಿದರು.

"ಏಳಕ್ಕೆ ಏಳೂ ನಿನ್ ಪ್ಲೇಟಾ? ನಾನ್ ಆರ್ಸಿದ್ದು?"

"ಅಂಗಂತ ಮಗ ಬರ್ದದಲ್ಲ ಮೇಷ್ಟ್ರೇ" ಎಂದರು ದೊಡ್ಡಪ್ಪ.

ಮೇಷ್ಟ್ರು ನನ್ನ ಕಡೆ ತಿರುಗಿದರು. "ಸರಿಯಾಗ್ ಬರ್ದಿದ್ದೀಯೇನಮ್ಮ?"

ಒಂದು 'ಇಲ್ಲ' ಸಾಕಿತ್ತು. ನಾನು "ಹ್ಞೂಂ ಮೇಷ್ಟ್ರೇ" ಅಂದೆ.

ಅವರು ಹೆಗಲ ಟವೆಲ್ಲಿನಿಂದ ಕನ್ನಡಕ ಒರೆಸಿಕೊಂಡರು. "ಪ್ರತಿ ವಾರಾನೂ ಇದು ನಂದೇ ಅಂತ ಗ್ಯಾರಂಟಿ ಇತ್ತು ಕಣಯ್ಯಾ. ಇಪ್ಪತ್ ವರ್ಸ ಕೇಳಿರೋದು. ಅಂಗಾದ್ರೆ ನನ್ ಕಿವಿ ಓಯ್ತು." ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು ದೊಡ್ಡಪ್ಪನ ಮುಂದಿಟ್ಟರು. ದೊಡ್ಡಮ್ಮ ತಂದಿಟ್ಟ ಹಲಸಿನ ತೊಳೆ ಮುಟ್ಟಲಿಲ್ಲ. ಹನ್ನೊಂದೂವರೆಯ ಬಸ್ಸಿಗೆ ಹೊರಟುಬಿಟ್ಟರು. ನೋಟ್ ಬುಕ್ಕನ್ನು ಅವರೇ ತಂದುಕೊಟ್ಟಿದ್ದರಿಂದ ಅದರ ಮೇಲೆ ಅನುಮಾನ ಪಡುವುದು ಅವರಿಗೆ ತೋಚಲೇ ಇಲ್ಲ. ತಮ್ಮ ಕಿವಿಯ ಮೇಲೆ ಪಟ್ಟರು.

ದಸರಾ ರಜಕ್ಕೆ ಮತ್ತೆ ಹೋದಾಗ ಛತ್ರಿ ಪ್ಲೇಟು ತಿರುಗುತ್ತಿತ್ತು. ನಡುವಿನ ಲೇಬಲ್ಲು ನೋಡಿದೆ. ಮೇಷ್ಟ್ರದು. ದೊಡ್ಡಪ್ಪ ಕಣ್ಣು ಮುಚ್ಚಿ ಬೆರಳು ಆಡಿಸುತ್ತಿದ್ದರು. "ಬ್ರಷ್ಷು ಎಂಗ್ ಕೇಳಿಸ್ತದೆ ನೋಡು ಮಗಾ" ಎಂದರು. ತಮ್ಮ ಫಾರಿನ್ ಮಾಲನ್ನು ಅಟ್ಟಕ್ಕೆ ಹಾಕಿದ್ದರು. ಹಾಗಾದರೆ ಮೇಷ್ಟ್ರದೇ ಚೆನ್ನ ಎಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಮೇಷ್ಟ್ರು ಬರುತ್ತಾರಾ ಎಂದು ಕೇಳಿದೆ. ಯಂತ್ರವನ್ನೂ ಉಳಿದ ಪ್ಲೇಟುಗಳನ್ನೂ ಹಳೆ ಸಾಮಾನಿನವನಿಗೆ ಹಾಕಿಬಿಟ್ಟರಂತೆ, ಇನ್ಯಾಕೆ ಬರುತ್ತಾರೆ, ಎಂದರು.

ಆಮೇಲೆ ಹೇಳಬಹುದಿತ್ತು. ಹೇಳಲಿಲ್ಲ. ಮೊದಲು ಹೆದರಿಕೆ, ಆಮೇಲೆ ನಾಚಿಕೆ, ಆಮೇಲೆ ಕಾಲೇಜು. ದೊಡ್ಡಪ್ಪನ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೇ ನನ್ನ ಮೇಲೂ ಇದೆ.

ಈ ವರ್ಷ ನನಗೆ ಮಳವಳ್ಳಿಯಲ್ಲಿ ಕೆಲಸ ಸಿಕ್ಕಿತು. ಮೇಷ್ಟ್ರಿಗೆ ನಿಜ ಹೇಳಲು ಹಲಗೂರಿಗೆ ಹೋಗುವ ಮುಂಚೆ ದೊಡ್ಡಪ್ಪನ ಮನೆಗೆ ಹೋದೆ. ನಿವೃತ್ತರಾಗಿ ಈಗ ಮದ್ದೂರಿನಲ್ಲಿದ್ದಾರೆ. ಆ ಪ್ಲೇಟು ಕೊಡಿ, ಮೇಷ್ಟ್ರಿಗೆ ಕೊಡಬೇಕು ಎಂದೆ.

"ಅದಾ? ಯಾರ್ಗೋ ಕೊಟ್ಟೆ, ಗ್ಯಾಪ್ಕ ಇಲ್ಲ. ಒಂದ್ ಪ್ಲೇಟ್ಗೆ ಇಷ್ಟ್ ವರ್ಸ ಕ್ವಾಪ ಮಡಗಿದ್ದೀಯೇನೆ?"

"ಪ್ಲೇಟಿಗಲ್ಲ" ಎಂದೆ. ಕಾಫಿ ಕುಡಿಯದೆ ಎದ್ದು ಬಂದೆ.

ಹಲಗೂರಿನಲ್ಲಿ ಮೇಷ್ಟ್ರ ಕಿವಿಗೆ ಯಂತ್ರ ಬಂದಿತ್ತು. ಎರಡು ಸಲ ಕೂಗಿ ಹೇಳಿದೆ, ಅವರಿಗೆ ತಿಳಿಯಲಿಲ್ಲ. ಕೊನೆಗೆ ಹಾಳೆಯಲ್ಲಿ ಬರೆದುಕೊಟ್ಟೆ. ಏಳು ವಾರ, ಹದಿನಾಲ್ಕು ಚೀಟಿ, ಹೆಸರು ಬದಲಿಸಿದ್ದು, ಬದಲಿಸಿದವಳು ನಾನು. ಅವರು ಓದಿದರು.

"ಏಳಕ್ಕೆ ಏಳಾ?"

ತಲೆಯಾಡಿಸಿದೆ.

"ಅವತ್ತೇ ಯೋಳ್ಬೇಕಿತ್ತು ಕಣಮ್ಮ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊರಡುವಾಗ ಅವರ ಸೊಸೆಯನ್ನು ಕೇಳಿದೆ, ಕಿವಿ ಯಾವಾಗಿನಿಂದ ಹೀಗೆ ಎಂದು. "ಈಗ ಎರಡ್ ವರ್ಸದಿಂದ ಕಣಕ್ಕ, ಜ್ವರ ಬಂದ್ ಮೇಲೆ. ಅಲ್ಲೀಗಂಟ ಬೀದಿ ಕೊನೇಲಿ ಯಾರ್ ಗಾಡಿ ಬತ್ತದೆ ಅಂತ ಕೂತಲ್ಲೇ ಯೋಳೋರು" ಎಂದಳು.

ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಹದಿನಾಲ್ಕು ವರ್ಷದಲ್ಲಿ ಎರಡು ಕಳೆದರೆ ಹನ್ನೆರಡು. ವರ್ಷಕ್ಕೆ ಐವತ್ತೆರಡರಂತೆ ಆರುನೂರ ಇಪ್ಪತ್ನಾಲ್ಕು ಭಾನುವಾರ. ಅಷ್ಟೂ ಭಾನುವಾರ ಮೇಷ್ಟ್ರಿಗೆ ಚೆನ್ನಾಗಿ ಕೇಳಿಸುತ್ತಿತ್ತು.