ಕೆನ್ನೆಯ ಮೇಲಿನ ನೇರಳೆ ಗುರುತು

ಸಾರು ಬಾಯಿಗೆ ಹಾಕಿದೊಡನೆ ಎಡಗೆನ್ನೆಯ ಒಳಗೆ ಬೆಂಕಿ ಇಟ್ಟಂತಾಯಿತು. ಖಾರ ಜಾಸ್ತಿಯಾಗಿದೆ ಎಂದು ಸೊಸೆಯನ್ನು ಬೈದೆ. ಮಾರನೆಯ ದಿನ ಮೊಸರನ್ನವೂ ಉರಿಯಿತು. ತಪ್ಪು ಸೊಸೆಯದಲ್ಲ ಎಂದು ಗೊತ್ತಾಯಿತು. ಹೇಳಲಿಲ್ಲ.

ಬಯಾಪ್ಸಿ ಮಾಡಿದರು. ಕ್ಯಾನ್ಸರ್.

"ಹೊಗೆಸೊಪ್ಪು ಹಾಕ್ತಿದ್ರಾ?" ಎಂದರು ಡಾಕ್ಟರು. ಮೂವತ್ತು ವರ್ಷ ಕಡ್ಡಿಪುಡಿ ಹಾಕಿದ್ದೇನೆ. ಭಾನುವಾರ ಮಾತ್ರ ಬಾಯಿ ತೊಳೆದುಕೊಂಡು ಚರ್ಚಿಗೆ ಹೋಗುತ್ತಿದ್ದೆ.

ಮೂವತ್ತು ದಿನ ರೇಡಿಯೇಷನ್ ಎಂದರು. ಮಗನಿಗೆ ಪೀಣ್ಯದ ಫ್ಯಾಕ್ಟರಿಯಲ್ಲಿ ಫಸ್ಟ್ ಶಿಫ್ಟ್, ಸೊಸೆಗೆ ಗಾರ್ಮೆಂಟ್ಸ್. ದಿನಾ ರಜೆ ಯಾರು ಕೊಡುತ್ತಾರೆ? ಎರಡು ಬಸ್ ಬದಲಿಸಿ ನಾನೊಬ್ಬಳೇ ಹೋಗಬೇಕು.

ಚರ್ಚಿನ ಹಿರಿಯಮ್ಮ ಒಬ್ಬರು ಮನೆಗೆ ಬಂದು ಪ್ರಾರ್ಥನೆ ಮಾಡಿದರು. ಹೊರಡುವಾಗ, "ಕರ್ತನ ಹೆಸ್ರು ಹೇಳೋ ಬಾಯಿಗೆ ಕಡ್ಡಿಪುಡಿ ಹಾಕಿದ್ರೆ ಇನ್ನೇನಾಗತ್ತೆ ಕಣಮ್ಮ?" ಎಂದರು. ಅಂದಿನಿಂದ ನನಗೆ ಪ್ರಾರ್ಥನೆ ಬರಲಿಲ್ಲ. ಹಗಲೆಲ್ಲ ಖಾಲಿ ಮನೆಯಲ್ಲಿ ಗೋಡೆಗೆ ಒರಗಿ ಕೂತು, ಸಾಯುವುದಕ್ಕಲ್ಲ, ಸತ್ತ ಮೇಲೆ ಯೇಸುಸ್ವಾಮಿ ಮುಖ ತಿರುಗಿಸಿಕೊಂಡರೆ ಎಲ್ಲಿಗೆ ಹೋಗುವುದು ಎಂದು ಹೆದರುತ್ತಿದ್ದೆ.

ಮೊದಲ ದಿನ ಟೆಕ್ನಿಷಿಯನ್ ನನ್ನ ಕೆನ್ನೆಗೆ ನೇರಳೆ ಇಂಕಿನಲ್ಲಿ ಶಿಲುಬೆ ಬರೆದ.

"ಎಸ್ತರಮ್ಮ ಅಂತ ಹೆಸ್ರು ನೋಡಿ ಹಾಕಿದ್ರಾ ಸಾರ್?"

ಅವನು ನಕ್ಕ. "ಅದು ಮಾರ್ಕು ಅಜ್ಜಿ. ಮಿಷನ್ನಿಂದ ಕಿರಣ ಎಲ್ಲಿ ಬಿಡ್ಬೇಕು ಅಂತ. ಎಲ್ರಿಗೂ ಹಾಕ್ತೀವಿ. ಮುಗಿಯೋವರ್ಗೂ ಅಳಿಸ್ಕೋಬೇಡಿ."

ನಾಚಿಕೆಯಾಯಿತು. ಹೊರಗೆ ಬೆಂಚಿನಲ್ಲಿ ದಾವಣಗೆರೆ ಕಡೆಯ ಹೆಂಗಸೊಬ್ಬಳು ಕೂತಿದ್ದಳು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಗಂಟಲ ಮೇಲೆ ನನ್ನದರಂಥದೇ ನೇರಳೆ ಶಿಲುಬೆ.

"ನರ್ಸಮ್ಮ ನಿಮ್ಮ ಹೆಸ್ರು ಕೂಗಿದ್ದು ಕೇಳ್ತು. ನಿಮ್ಮ ದೇವ್ರು ನನ್ನ ಕುತ್ತಿಗಿಗೂ ಬಿದ್ದಾನ ನೋಡ್ರಿ" ಎಂದಳು. ನಗಲು ಹೋದೆ, ಬಾಯಿ ಉರಿಯಿತು.

ಬಸ್ಸಿನಲ್ಲಿ ನನ್ನ ಕೆನ್ನೆ ನೋಡಿ ಯಾರೂ ಪಕ್ಕ ಕೂರಲಿಲ್ಲ. ಎಲ್ರಿಗೂ ಹಾಕ್ತೀವಿ ಎಂಬ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ಆ ಟೆಕ್ನಿಷಿಯನ್ ಯಾರ ಕಡ್ಡಿಪುಡಿಯ ಲೆಕ್ಕವನ್ನೂ ಕೇಳಿರಲಿಲ್ಲ. ಒಳ್ಳೆಯವರನ್ನೇ ಆರಿಸಿಕೊಳ್ಳುವುದಾದರೆ ಸ್ವಾಮಿ ಶಿಲುಬೆ ಹೊತ್ತಿದ್ದಾದರೂ ಯಾತಕ್ಕೆ?

ಪೀಣ್ಯ ಬರುವಷ್ಟರಲ್ಲಿ ಪ್ರಾರ್ಥನೆ ಬಂತು. ವಾಸಿ ಮಾಡು ಎಂದು ಕೇಳಲಿಲ್ಲ. ಕಡ್ಡಿಪುಡಿ ಹಾಕಿದ್ದು ನಿಜ ಕರ್ತನೇ, ಭಯವಾಗುತ್ತಿದೆ, ಜೊತೆಗಿರು ಎಂದೆ. ಭಯವೇನೂ ಹೋಗಲಿಲ್ಲ. ಅದನ್ನು ಒಬ್ಬಳೇ ಇಟ್ಟುಕೊಂಡು ಕೂರುವುದು ತಪ್ಪಿತು.

ಈಗ ರೇಡಿಯೇಷನ್ ಮುಗಿದು ಎರಡು ತಿಂಗಳು. ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತದೆ. ನಾಲಿಗೆಗೆ ಉಪ್ಪು ಬಿಟ್ಟರೆ ಬೇರೆ ರುಚಿಯಿಲ್ಲ. ಡಾಕ್ಟರು "ನೋಡೋಣ" ಎನ್ನುತ್ತಾರೆ. ಆಗಲಿ, ನೋಡೋಣ.

ಗುರುತು ಅಳಿಸದೆ ಉಳಿಸಿಕೊಂಡದ್ದನ್ನು ಮಾತ್ರ ಹೇಳಬೇಕು. ರೇಡಿಯೇಷನ್ನಿನ ಕೊನೆಯ ದಿನ ಸೊಸೆ ತೆಂಗಿನೆಣ್ಣೆ ತಂದು, "ಬನ್ನಿ ಅತ್ತೆ, ಒರೆಸ್ತೀನಿ" ಎಂದಳು.

"ಅವತ್ತು ನಿನ್ನ ಸಾರಲ್ಲಿ ಖಾರ ಸರಿಯಾಗೇ ಇತ್ತು ಕಣೆ" ಎಂದೆ. ಒರೆಸಲು ಬಿಡಲಿಲ್ಲ.

ಭಾನುವಾರ ಹಾಗೆಯೇ ಚರ್ಚಿಗೆ ಹೋದೆ. ಆ ಹಿರಿಯಮ್ಮನ ಪಕ್ಕದಲ್ಲೇ ಕೂತೆ, ಎಡಗೆನ್ನೆ ಅವರ ಕಡೆಗೆ ಇರುವಂತೆ.